36 ಟನ್ ಟ್ಯಾಂಕ್ ತರೋಣ, ಆದ್ರೆ ಯಾವ ಟ್ರೈಲರ್ ಮೇಲೆ?

ಹಳೇ ಯುದ್ಧಟ್ಯಾಂಕ್ ಒಂದನ್ನು ತಂದು ಊರ ಮಧ್ಯೆ ನಿಲ್ಲಿಸಬೇಕು ಅನ್ನೋದು ಈಗ ಒಂದು ರಾಜಕೀಯ ಬೇಡಿಕೆ. 2017ರ ಜುಲೈನಲ್ಲಿ ಜೆಎನ್‌ಯುವಿನ ಆಗಿನ ಕುಲಪತಿ ಎಂ. ಜಗದೀಶ್ ಕುಮಾರ್ ಅವರು ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮದಲ್ಲಿ, ಕ್ಯಾಂಪಸ್ಸಿಗೊಂದು ಟ್ಯಾಂಕ್ ಕೊಡಿಸಿ ಅಂತ ಕೇಂದ್ರ ಸಚಿವರನ್ನು ಕೇಳಿದ್ದು, ಅದರ ಮೇಲೆ ಟೀವಿಯಲ್ಲಿ ಕಿತ್ತಾಟ ನಡೆದದ್ದು ನಿಮಗೆ ನೆನಪಿರಬಹುದು. ನಮ್ಮ ರಾಜ್ಯದಲ್ಲಿ ಮಡಿಕೇರಿಯ ‘ಸನ್ನಿಸೈಡ್’ ಅಂಗಳದಲ್ಲೂ ಒಂದು ಟಿ-55 ಟ್ಯಾಂಕ್ ಇದೆ. ಅದು ಜನರಲ್ ತಿಮ್ಮಯ್ಯನವರ ಮನೆ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಲ್ಲಿ ಟ್ಯಾಂಕಿಗೆ ಒಂದು ಅರ್ಥವೂ ಇದೆ, ಜಾಗವೂ ಇದೆ. ಎಲ್ಲ ಕಡೆಯೂ ಹಾಗಿರಲ್ಲ.

ಆದರೆ ಟ್ಯಾಂಕ್ ಬೇಕಾ ಬೇಡವಾ ಅನ್ನೋ ಜಗಳ ನನ್ನ ವಿಷಯ ಅಲ್ಲ. ಆ ಜಗಳ ಮಾಡೋ ಎರಡೂ ಕಡೆಯವರು ಟ್ಯಾಂಕ್ ಆಕಾಶದಿಂದ ಇಳಿಯುತ್ತೆ ಅಂದ್ಕೊಂಡ ಹಾಗೆ ಮಾತಾಡ್ತಾರೆ. ಅದು ರಸ್ತೆ ಮೇಲೆ ಬರುತ್ತೆ. ರಾತ್ರಿ ಹೊತ್ತು, ಒಂದು ಟ್ರೈಲರ್ ಮೇಲೆ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಜೊತೆ. ಆ ಟ್ರೈಲರನ್ನು ಯಾರು ಕಟ್ಟಿದರು, ಯಾವ ಲೆಕ್ಕದ ಮೇಲೆ ಕಟ್ಟಿದರು, ಅದು ಯಾವ ರಸ್ತೆಯಲ್ಲಿ ಹೋಗಬಹುದು ಅಂತ ನೋಡಿದ್ರೆ ನಮ್ಮ ರಸ್ತೆ ನೀತಿ ಯಾರ ಪರ ಇದೆ ಅನ್ನೋದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತೆ.

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಿಂದ ರಾಮನಗರಕ್ಕೆ ಒಂದು ಟಿ-55 ತರಬೇಕು ಅಂತಿಟ್ಟುಕೊಳ್ಳಿ. ಟ್ರೈಲರನ್ನು ನಮ್ಮ ಜಿಲ್ಲೆಯಲ್ಲೇ ಕಟ್ಟಿಸಬೇಕು. ಜಿಲ್ಲೆಯ ಹೆಸರು 2025ರಲ್ಲಿ ‘ಬೆಂಗಳೂರು ದಕ್ಷಿಣ’ ಅಂತ ಬದಲಾಗಿದೆ, ಊರುಗಳು ಅಲ್ಲೇ ಇವೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ಜಿಲ್ಲೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇಲ್ಲಿ ಎಕ್ಸ್‌ಪ್ರೆಸ್ ವೇ ಇದೆ, ಕಲ್ಲು ಕ್ವಾರಿಗಳಿವೆ, ಬಿಡದಿ–ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳಿವೆ, ಪ್ರತಿ ಊರಿನ ಹೊರವಲಯದಲ್ಲೂ ಟ್ರ್ಯಾಕ್ಟರ್ ಟ್ರೈಲರ್ ಕಟ್ಟೋ ವೆಲ್ಡಿಂಗ್ ಶಾಪ್‌ಗಳಿವೆ. ಟ್ಯಾಂಕ್ ಇಲ್ಲದಿದ್ದರೂ ಟ್ಯಾಂಕಿನ ತಮ್ಮಂದಿರು ದಿನಾ ಓಡಾಡ್ತಾರೆ. ಅವರ ಬಗ್ಗೆ ಆಮೇಲೆ ಹೇಳ್ತೀನಿ.

ಟಿ-55ರ ತೂಕ ಸುಮಾರು 36 ಟನ್, ಅಗಲ ಸುಮಾರು 3.3 ಮೀಟರ್, ಎತ್ತರ 2.4 ಮೀಟರ್. ಮೊದಲು ಬರೋ ಪ್ರಶ್ನೆ: ಚೈನ್ ಇದೆಯಲ್ಲ, ಓಡಿಸ್ಕೊಂಡೇ ಬರಬಹುದಲ್ಲ? ಸೇನೆ ಕಳಚಿಕೊಡುವ ಹಳೇ ಟ್ಯಾಂಕಿನ ಎಂಜಿನ್ ಓಡುತ್ತೆ ಅನ್ನೋ ಖಾತ್ರಿಯಿಲ್ಲ ಅನ್ನೋದು ಹಾಗಿರಲಿ, ಓಡಿದರೂ ಆಗಲ್ಲ. ಇಲ್ಲಿ ಒಂದು ತಮಾಷೆ ಇದೆ. ಟ್ಯಾಂಕ್ ನೆಲದ ಮೇಲೆ ಹಾಕೋ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 0.8 ಕಿಲೋ ಮಾತ್ರ. ನಿಮ್ಮ ಕಾರಿನ ಟೈರ್ ಎರಡು ಕಿಲೋಗಿಂತ ಜಾಸ್ತಿ ಹಾಕುತ್ತೆ, ಲಾರಿ ಟೈರು ಏಳೆಂಟು ಕಿಲೋ. 36 ಟನ್ ಭಾರ ಅಗಲವಾದ ಎರಡು ಚೈನುಗಳ ಮೇಲೆ ಹರಡಿಕೊಳ್ಳೋದ್ರಿಂದ ಅದು ಕೆಸರುಗದ್ದೆಯಲ್ಲೂ ಮುಳುಗದೆ ಹೋಗುತ್ತೆ. ರಸ್ತೆಗೆ ಪೆಟ್ಟು ಬೀಳೋದು ಭಾರದಿಂದಲ್ಲ, ತಿರುಗುವಾಗ. ಒಂದು ಚೈನ್ ನಿಲ್ಲಿಸಿ ಇನ್ನೊಂದನ್ನು ಓಡಿಸಿ ತಿರುಗೋ ವಾಹನ ಅದು. ಉಕ್ಕಿನ ಪಟ್ಟಿಗಳು ಡಾಂಬರನ್ನು ಅಡ್ಡಡ್ಡ ಉಜ್ಜಿ ಕಿತ್ತು ಹಾಕ್ತವೆ. ಹಳ್ಳಿಯಲ್ಲಿ ಹಿಟಾಚಿ ರಸ್ತೆ ದಾಟುವಾಗ ಹುಡುಗರು ಓಡೋಡಿ ಬಂದು ಚೈನಿನ ಕೆಳಗೆ ಹಳೇ ಟೈರುಗಳನ್ನು ಒಂದರ ಮುಂದೊಂದು ಹಾಕ್ತಾ ಹೋಗ್ತಾರಲ್ಲ, ಅದು ಇದೇ ಕಾರಣಕ್ಕೆ. ಐವತ್ತು ಕಿಲೋಮೀಟರ್ ಹಾಗೆ ಟೈರ್ ಹಾಸೋಕಾಗಲ್ಲ. ಟ್ರೈಲರ್ ಬೇಕೇ ಬೇಕು.

ಸರಿ, ಕಟ್ಟೋಣ. ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡ್ತಿರೋದು ಇದು. ಹಳೇ ಪಾಠಗಳು ಇಲ್ಲಿ ಉಪಯೋಗಕ್ಕೆ ಬರ್ತವೆ, ಸ್ವಲ್ಪ ಸಹಿಸಿಕೊಳ್ಳಿ.

ಚೈನ್ ಯಂತ್ರಗಳನ್ನು ಹೊರೋಕೆ ಲೋಬೆಡ್ ಟ್ರೈಲರ್ ಬೇಕು. ಮುಂಭಾಗ ಬಾತುಕೋಳಿ ಕುತ್ತಿಗೆಯ ಹಾಗೆ ಮೇಲೆದ್ದು ಎಳೆಯೋ ಲಾರಿಯ ಮೇಲೆ ಕೂತಿರುತ್ತೆ, ಹಿಂಭಾಗದಲ್ಲಿ ಆಕ್ಸಲ್‌ಗಳು, ನಡುವೆ ತಗ್ಗಿದ ಹಾಸು. ಈ ಹಾಸನ್ನು ಹೊತ್ತಿರೋದು ಉದ್ದಕ್ಕೆ ಮಲಗಿಸಿದ ಎರಡು ಮುಖ್ಯ ತೊಲೆಗಳು. ಕುತ್ತಿಗೆಯಿಂದ ಆಕ್ಸಲ್‌ವರೆಗೆ 8 ಮೀಟರ್ ಅಂತಿಟ್ಟುಕೊಂಡರೆ, ನಡುವಿನ ನಾಲ್ಕು ಮೀಟರಿನಲ್ಲಿ 36 ಟನ್ ಕೂತಾಗ ತೊಲೆಗಳನ್ನು ಬಗ್ಗಿಸೋ ಬಲ 54 ಟನ್-ಮೀಟರ್ ಆಗುತ್ತೆ. ಇದು ನಿಂತಿದ್ದಾಗಿನ ಲೆಕ್ಕ. ಹಂಪ್ ಹಾರಿದಾಗ, ಗುಂಡಿಗೆ ಬಿದ್ದಾಗ ಅದು ಇಮ್ಮಡಿಯಾಗುತ್ತೆ ಅಂತ ಹಿಡಿಯೋದು ಜಾಣತನ. ಹಾಗೆ ಹಿಡಿದರೆ ಒಂದೊಂದು ತೊಲೆಯ ಪಾಲಿಗೂ 54 ಟನ್-ಮೀಟರ್. ಕಬ್ಬಿಣದಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಅತಿ ದೊಡ್ಡ ಐ-ತೊಲೆ ಐಎಸ್‌ಎಂಬಿ 600. ಸಾಧಾರಣ ಉಕ್ಕಿನಲ್ಲಿ ಅದೂ ಈ ಭಾರಕ್ಕೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತೆ. ಸಾಲದ್ದಕ್ಕೆ ಅದರ ಎತ್ತರವೇ 60 ಸೆಂಟಿಮೀಟರ್. ತಗ್ಗಿರಬೇಕಾದ ಹಾಸನ್ನು ಅದೇ ಮೇಲಕ್ಕೆತ್ತುತ್ತೆ.

ಹಾಗಾದ್ರೆ ಕಂಪನಿಗಳು ಹೇಗೆ ಕಟ್ತವೆ? ಹೆಚ್ಚು ಬಲದ ಉಕ್ಕಿನ ಹಾಳೆಗಳನ್ನು ಕತ್ತರಿಸಿ, ಬೇಕಾದ ಆಕಾರಕ್ಕೆ ಬೆಸುಗೆ ಹಾಕಿ, ಖಾಲಿ ಇದ್ದಾಗ ನಡು ಸ್ವಲ್ಪ ಮೇಲಕ್ಕೆ ಉಬ್ಬಿರೋ ಹಾಗೆ ತೊಲೆ ಮಾಡ್ತಾರೆ. ಭಾರ ಬಿದ್ದಾಗ ಅದು ಮಟ್ಟಸವಾಗುತ್ತೆ. ಈ ಉಕ್ಕನ್ನು ಗ್ರಿಲ್ ಗೇಟಿಗೆ ಬಳಸೋ ವೆಲ್ಡಿಂಗ್ ರಾಡ್‌ನಲ್ಲಿ ಬೆಸೆಯೋ ಹಾಗಿಲ್ಲ. ತೇವ ಇಲ್ಲದ ಬೇರೆ ರಾಡ್ ಬೇಕು, ದಪ್ಪ ಹಾಳೆಯನ್ನು ಮೊದಲೇ ಬಿಸಿ ಮಾಡ್ಕೋಬೇಕು. ಇಲ್ಲದಿದ್ರೆ ಬೆಸುಗೆಯ ಪಕ್ಕದಲ್ಲೇ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತೆ. ಅದು ಬೆಳೆಯೋದು ನಿಧಾನ. ಸಾವಿರಾರು ಸಲ ಕುಲುಕಾಡಿದ ಮೇಲೆ ಒಂದು ದಿನ, ಹೆಚ್ಚಿನ ಸಲ ಕುತ್ತಿಗೆ ಬಗ್ಗುವ ಮೂಲೆಯಲ್ಲಿ, ತೊಲೆ ಬಾಯಿ ಬಿಡುತ್ತೆ.

ಹತ್ತಿಸೋದು ಇನ್ನೊಂದು ಕಥೆ. ಹಿಂದಿನ ಇಳಿಜಾರು ಪಟ್ಟಿಯ ಮೇಲೆ ಟ್ಯಾಂಕ್ ಏರಿ, ಅಂಚು ದಾಟಿ ಮುಂದಕ್ಕೆ ವಾಲುವ ಒಂದು ಕ್ಷಣ ಇರುತ್ತಲ್ಲ, ಆಗ ಇಡೀ 36 ಟನ್ ಟ್ರೈಲರಿನ ಹಿಂದಿನ ತುದಿಯಲ್ಲಿರುತ್ತೆ. ಅಲ್ಲಿ ಕೆಳಗೆ ಊರುಗೋಲು ಕೊಡದಿದ್ರೆ ಮುಂದಿರೋ ಲಾರಿಯ ಹಿಂಭಾಗ ಮೇಲಕ್ಕೆದ್ದು ಬಿಡುತ್ತೆ. ಉಕ್ಕಿನ ಹಾಸಿನ ಮೇಲೆ ಉಕ್ಕಿನ ಚೈನ್ ಜಾರುತ್ತೆ, ಮಳೆ ಬಂದ್ರಂತೂ ಸೋಪು ಬಳಿದ ಹಾಗೆ. ಅದಕ್ಕೇ ಒಳ್ಳೇ ಟ್ರೈಲರ್‌ಗಳ ಹಾಸಿಗೆ ಗಟ್ಟಿಮರದ ಹಲಗೆ ಜೋಡಿಸಿರ್ತಾರೆ. ಆಮೇಲೆ ನಾಲ್ಕು ಮೂಲೆಗೆ ಸರಪಳಿ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ನುಗ್ಗೋ ಬಲ ಅದರ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚಿರಬಹುದು. ಅಂದ್ರೆ ಇಲ್ಲಿ 28–29 ಟನ್, ನೇರ ಡ್ರೈವರನ ಬೆನ್ನಿನ ಕಡೆಗೆ. ನೈಲಾನ್ ಹಗ್ಗದಲ್ಲಿ ಬಿಗಿದ ಯಂತ್ರದ ಮುಂದೆ ಕೂತು ಲಾರಿ ಓಡಿಸೋ ಮನುಷ್ಯ ಏನು ಪಣಕ್ಕಿಟ್ಟಿದಾನೆ ಅಂತ ಈ ಅಂಕಿ ಹೇಳುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ಮಾಗಡಿಯಲ್ಲೋ ಕನಕಪುರದಲ್ಲೋ ಒಬ್ಬ ನುರಿತ ವೆಲ್ಡರ್ ಇಂಥದ್ದನ್ನು ಕಟ್ಟಬಲ್ಲನಾ? ಲೆಕ್ಕ ಯಾರಾದರೂ ಮಾಡಿಕೊಟ್ಟರೆ ಖಂಡಿತ ಕಟ್ಟಬಲ್ಲ. ಕೈ ಕೆಲಸದಲ್ಲಿ ಅವರಿಗೇನೂ ಕೊರತೆ ಇಲ್ಲ. ಕೊರತೆ ಇರೋದು ಕಾನೂನಿನ ಬಾಗಿಲಲ್ಲಿ.

ನಮ್ಮಲ್ಲಿ ಯಾವುದೇ ವಾಹನ ಮಾದರಿ ರಸ್ತೆಗಿಳಿಯೋ ಮೊದಲು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಪಟ್ಟಿಯಲ್ಲಿರೋ ದೊಡ್ಡ ಹೆಸರುಗಳು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್, ಅಹಮದ್‌ನಗರದ ವಿಆರ್‌ಡಿಇ. ಕಂಪನಿ ಒಂದು ಮಾದರಿಗೆ ಅನುಮತಿ ಪಡೆದು ಸಾವಿರ ಟ್ರೈಲರ್ ಮಾರುತ್ತೆ, ಖರ್ಚು ಸಾವಿರಕ್ಕೆ ಹಂಚಿ ಹೋಗುತ್ತೆ. ವರ್ಷಕ್ಕೆ ಹತ್ತೋ ಹನ್ನೆರಡೋ ಕಟ್ಟೋನಿಗೆ ಅದೇ ದಾರಿ ಅಂದ್ರೆ ದಾರಿ ಇಲ್ಲ ಅಂತಲೇ ಅರ್ಥ. ಕಂಪನಿ ಟ್ರೈಲರನ್ನೇ ತಂದು ಅಗಲ ಮಾಡೋಣ, ಆಕ್ಸಲ್ ಸೇರಿಸೋಣ ಅಂದ್ರೆ 52ನೇ ಸೆಕ್ಷನ್ ಅಡ್ಡ ಬರುತ್ತೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಖಚಿತವಾಗಿ ಹೇಳಿತು. ತೀರ್ಪಿನ ಉದ್ದೇಶ ಒಳ್ಳೇದೇ. ಆದರೆ ಒಂದು ಬಾಗಿಲು ಮುಚ್ಚುವಾಗ ಇನ್ನೊಂದು ಸಣ್ಣ ಬಾಗಿಲು ತೆರೆಯೋ ಕೆಲಸ ಸರ್ಕಾರದ್ದು. ಅದು ಆಗಲಿಲ್ಲ.

ಬ್ರಿಟನ್ನಿನಲ್ಲಿ ಹಳೇ ಟ್ಯಾಂಕುಗಳನ್ನು ಸ್ವಂತಕ್ಕೆ ಇಟ್ಟುಕೊಂಡಿರೋ ಹವ್ಯಾಸಿಗಳಿದ್ದಾರೆ. ಬಾವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನ ವಾರ್ಷಿಕ ಮೇಳ ನೋಡೋಕೆ ಜನ ಮುಗಿಬೀಳ್ತಾರೆ. ಅಲ್ಲಿ ಒಂದೇ ಒಂದು ಟ್ರೈಲರ್ ಕಟ್ಟಿದವನೂ ಅದೊಂದನ್ನೇ ಪರೀಕ್ಷೆಗೆ ಒಯ್ದು ಅನುಮತಿ ಪಡೆಯೋ ವ್ಯವಸ್ಥೆ ಇದೆ. ಮಾಮೂಲಿ ಮಿತಿ ಮೀರಿದ ಭಾರಕ್ಕೂ 50, 80, 150 ಟನ್ ಅಂತ ಮೂರು ವರ್ಗ ಮಾಡಿದ್ದಾರೆ. ಯಾವ ವರ್ಗಕ್ಕೆ ಎಷ್ಟು ಆಕ್ಸಲ್, ಎಷ್ಟು ವೇಗ, ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಮೊದಲೇ ಬರೆದಿಟ್ಟಿದ್ದಾರೆ. ಶ್ರೀಮಂತರ ಹವ್ಯಾಸ ಅಂತ ನಾವು ನಗಬಹುದು. ಆದರೆ ಆ ನಿಯಮ ಉಪಯೋಗಕ್ಕೆ ಬರೋದು ಹವ್ಯಾಸಿಗಿಂತ ಹೆಚ್ಚಾಗಿ ಸಣ್ಣ ಗುತ್ತಿಗೆದಾರನಿಗೆ.

ಟ್ಯಾಂಕಿನ ತಮ್ಮಂದಿರು ಅಂದೆನಲ್ಲ, ಅವು ಹಿಟಾಚಿಗಳು. ಯಾವ ಕಂಪನಿಯದ್ದಾದರೂ ನಮ್ಮ ಜನರ ಬಾಯಲ್ಲಿ ಚೈನ್ ಇದ್ರೆ ಹಿಟಾಚಿ, ಟೈರ್ ಇದ್ರೆ ಜೆಸಿಬಿ. ಕ್ವಾರಿ, ಕೆರೆ ಹೂಳು, ಲೇಔಟ್, ರಸ್ತೆ ಕಾಮಗಾರಿ, ಎಲ್ಲಕ್ಕೂ ಬೇಕು. ಅವು ಹುಟ್ಟೋದೂ ಹೆಚ್ಚುಕಮ್ಮಿ ನಮ್ಮಲ್ಲೇ: ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿದೆ, 1964ರಲ್ಲಿ ಶುರುವಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಬುಲ್ಡೋಜರ್ ಜೊತೆಗೆ ಸೇನೆಗೆ ಚೈನಿನ ವಾಹನಗಳನ್ನೂ ಮಾಡಿದೆ. 20 ಟನ್ ವರ್ಗದ ಹಿಟಾಚಿಯ ಚೈನ್‌ಗಳ ಅಗಲ ಸಾಮಾನ್ಯವಾಗಿ 2.8 ಮೀಟರ್. ರಸ್ತೆ ಮೇಲಿನ ವಾಹನದ ಅಗಲಕ್ಕೆ ನಮ್ಮ ನಿಯಮ ಕೊಟ್ಟಿರೋ ಮಿತಿ 2.6 ಮೀಟರ್.

ಅಂದ್ರೆ ಟ್ಯಾಂಕ್ ಬಿಡಿ, ನಮ್ಮ ಕಣ್ಣೆದುರು ದಿನಾ ಓಡಾಡೋ ಯಂತ್ರವೇ ನಿಯಮದ ಅಳತೆಗಿಂತ ಒಂದು ಗೇಣು ಅಗಲ. ವಿಶೇಷ ಅನುಮತಿ ಇಲ್ಲದೆ ಹೊತ್ತು ಹೋದರೆ, ಸರಕು ಪಕ್ಕಕ್ಕೆ ಚಾಚಿಕೊಂಡಿದ್ದಕ್ಕೆ 2019ರ ತಿದ್ದುಪಡಿ ಕಾಯ್ದೆಯಲ್ಲಿ ದಂಡ 20,000 ರೂಪಾಯಿ. ತೂಕ ಹೆಚ್ಚಾದ್ರೆ ಇನ್ನೊಂದು 20,000, ಮೇಲಿನ ಪ್ರತಿ ಟನ್ನಿಗೆ 2,000. ಚನ್ನಪಟ್ಟಣದಿಂದ ಪಕ್ಕದ ಹೋಬಳಿಗೆ ಅರ್ಧ ದಿನದ ಕೆಲಸಕ್ಕೆ ಹೋಗೋ ಹಿಟಾಚಿಗೆ ಪ್ರತಿ ಸಲ ಅನುಮತಿ ತಗೊಳ್ತಾರಾ? ನಿಯಮ ಪಾಲಿಸಿದ್ರೆ ಕೆಲಸವೇ ನಡೆಯಲ್ಲ ಅನ್ನೋ ಕಡೆ ನಿಯಮ ಸುರಕ್ಷತೆ ಕಾಯಲ್ಲ, ದರಪಟ್ಟಿ ಆಗುತ್ತೆ. ಯಾರ ದರಪಟ್ಟಿ ಅಂತ ಬಿಡಿಸಿ ಹೇಳಬೇಕಿಲ್ಲ. ಇದರ ಕೆಟ್ಟ ಪರಿಣಾಮ ಲಂಚ ಮಾತ್ರ ಅಲ್ಲ. ಹೇಗೂ ಕಾನೂನಿನ ಹೊರಗಿದ್ದೀವಲ್ಲ ಅಂತ ಆದ ಮೇಲೆ ಸರಪಳಿ, ಹಿಂದಿನ ದೀಪ, ಹೊಳೆಯೋ ಪಟ್ಟಿ, ಟ್ರೈಲರಿಗೆ ಬ್ರೇಕ್, ಇವೆಲ್ಲ ‘ಇದ್ರೆ ಇರಲಿ’ ಸಾಲಿಗೆ ಸೇರಿಬಿಡ್ತವೆ. ಟ್ರ್ಯಾಕ್ಟರ್ ಟ್ರೈಲರ್‌ಗಳನ್ನೇ ನೋಡಿ. ಎಷ್ಟೋ ಟ್ರೈಲರ್‌ಗಳಿಗೆ ಸ್ವಂತ ಬ್ರೇಕೇ ಇರಲ್ಲ. ಇಳಿಜಾರಿನಲ್ಲಿ ಮುಂದಿರೋ ಟ್ರ್ಯಾಕ್ಟರೇ ಎಲ್ಲವನ್ನೂ ತಡೆಯಬೇಕು. ರಾತ್ರಿ ದೀಪವಿಲ್ಲದೆ ನಿಂತ ಟ್ರೈಲರಿಗೆ ಹಿಂದಿನಿಂದ ಬೈಕ್ ಗುದ್ದೋ ಸುದ್ದಿ ಜಿಲ್ಲಾ ಪುಟಗಳಲ್ಲಿ ನಾಲ್ಕು ಸಾಲಲ್ಲಿ ಮುಗಿಯುತ್ತೆ. ಸತ್ತವನಿಗೆ ಹೆಚ್ಚಿನ ಸಲ ನಿಮ್ಮ ವಯಸ್ಸೇ ಇರುತ್ತೆ.

ಈಗ ರಸ್ತೆ. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಬಗ್ಗೆ ನಮಗೆಲ್ಲ ಗೊತ್ತಿರೋದು ಬೈಕ್, ಆಟೋ, ಟ್ರ್ಯಾಕ್ಟರ್ ನಿಷೇಧ. ಅದೇ ವರ್ಷ ಆಗಸ್ಟ್ 1ರಿಂದ ಜಾರಿಗೆ ಬಂದ ಆ ಪಟ್ಟಿಯಲ್ಲಿ ಯಾರೂ ಗಮನಿಸದ ಇನ್ನೊಂದು ಹೆಸರಿದೆ: ಬಹು-ಆಕ್ಸಲ್ ಹೈಡ್ರಾಲಿಕ್ ಟ್ರೈಲರ್. ನಿಧಾನವಾಗಿ ಹೋಗೋ ವಾಹನ ವೇಗದ ಕಾರುಗಳ ನಡುವೆ ಅಪಾಯ ಅನ್ನೋದು ಪ್ರಾಧಿಕಾರದ ವಾದ. ಅದು ತಪ್ಪಲ್ಲ. ಆ ರಸ್ತೆಯ ಮೊದಲ ತಿಂಗಳುಗಳ ಅಪಘಾತಗಳನ್ನು ನೋಡಿದವರಾರೂ ಅದನ್ನು ತಳ್ಳಿಹಾಕಲ್ಲ.

ಆದರೆ ಅದರ ಫಲ ನೋಡಿ. ಹೈಡ್ರಾಲಿಕ್ ಟ್ರೈಲರಿನ ಗುಣ ಏನಂದ್ರೆ, ಎಲ್ಲ ಆಕ್ಸಲ್‌ಗಳ ಎಣ್ಣೆ ಕೊಳವೆಗಳೂ ಒಂದಕ್ಕೊಂದು ಜೋಡಿಸಿರ್ತವೆ. ರಸ್ತೆ ಏರುಪೇರಾದರೂ ಪ್ರತಿ ಚಕ್ರಕ್ಕೂ ಸಮಭಾರ ಬೀಳುತ್ತೆ. ಮಾಮೂಲಿ ಲೋಬೆಡ್‌ನಲ್ಲಿ ಹಾಗಲ್ಲ, ಒಂದು ಆಕ್ಸಲ್ ಗುಂಡಿಗೆ ಇಳಿದ್ರೆ ಪಕ್ಕದ್ದರ ಮೇಲೆ ಭಾರ ಏರುತ್ತೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಒಂದು ಲೆಕ್ಕ ಸಿಕ್ಕಿದೆ, ಇವತ್ತಿಗೂ ಎಂಜಿನಿಯರುಗಳು ಅದನ್ನೇ ಬಳಸೋದು: ಆಕ್ಸಲ್ ಭಾರ ಎರಡು ಪಟ್ಟಾದ್ರೆ ರಸ್ತೆಗಾಗೋ ಹಾನಿ ಹೆಚ್ಚುಕಮ್ಮಿ ಹದಿನಾರು ಪಟ್ಟು. ಅಂದ್ರೆ ರಸ್ತೆಗೆ ಕಡಿಮೆ ಪೆಟ್ಟು ಕೊಡೋ ಟ್ರೈಲರ್ ಮುಖ್ಯ ರಸ್ತೆಯಿಂದ ಹೊರಗೆ. ಹೆಚ್ಚು ಪೆಟ್ಟು ಕೊಡೋ, ಭಾರ ಮೀರಿದ ಮಾಮೂಲಿ ಲೋಬೆಡ್ ಒಳಗೆ. ನಮ್ಮ ಟ್ಯಾಂಕಿನ ಲೆಕ್ಕ ತಗೊಳ್ಳಿ: ಟ್ಯಾಂಕ್ 36, ಟ್ರೈಲರ್ ಸುಮಾರು 14, ಎಳೆಯೋ ಲಾರಿ ಸುಮಾರು 10, ಒಟ್ಟು 60 ಟನ್. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಮಿತಿಯನ್ನು 49ರಿಂದ 55 ಟನ್‌ಗೆ ಏರಿಸಿತು. ಐದು ಟನ್ ಜಾಸ್ತಿ. ಸರಿಯಾದ ಕೆಲಸ ಅಂದ್ರೆ ಆಕ್ಸಲ್ ಹೆಚ್ಚಿಸೋದು. ಹೆಚ್ಚಿಸಿ ಹೈಡ್ರಾಲಿಕ್ ಮಾಡಿದ್ರೆ, ವಿಶೇಷ ಅನುಮತಿ ಸಿಗದಿದ್ದರೆ ಸರ್ವಿಸ್ ರಸ್ತೆಗೆ ಇಳೀಬೇಕು. ಸರ್ವಿಸ್ ರಸ್ತೆ ಅಂದ್ರೆ ಬಿಡದಿ, ರಾಮನಗರ, ಚನ್ನಪಟ್ಟಣದ ಜನ ಹಾಲು, ರೇಷ್ಮೆಗೂಡು, ಶಾಲೆ ಮಕ್ಕಳನ್ನು ಸಾಗಿಸೋ ರಸ್ತೆ. ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಮೊದಲೇ ಅಲ್ಲಿಗೇ ತಳ್ಳಲ್ಪಟ್ಟಿವೆ. ಮಳೆ ಬಂದ್ರೆ ಅಂಡರ್‌ಪಾಸ್ ಕೆರೆಯಾಗುತ್ತೆ. ಸಂಗಬಸವನದೊಡ್ಡಿ ಹತ್ತಿರ ಉದ್ಘಾಟನೆಯಾದ ವಾರದೊಳಗೇ ನೀರು ನಿಂತದ್ದನ್ನು ದೇಶವೇ ನೋಡಿತು.

ಇನ್ನೊಂದು ವಿಚಿತ್ರ ಇದೆ, ಸಿವಿಲ್ ಓದಿದವರಿಗೆ ಮಾತ್ರ ಗೊತ್ತಿರೋದು. ಈ ದೇಶದ ಹೆದ್ದಾರಿ ಸೇತುವೆಗಳನ್ನು ಲೆಕ್ಕ ಹಾಕೋದೇ ಒಂದು ಕಾಲ್ಪನಿಕ ಟ್ಯಾಂಕಿನ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೇತುವೆ ಸಂಹಿತೆಯಲ್ಲಿ ‘70ಆರ್’ ಅಂತ ಒಂದು ಭಾರ ವರ್ಗ ಇದೆ. ಅದರಲ್ಲೊಂದು 70 ಟನ್ನಿನ ಚೈನ್ ವಾಹನ: ತಲಾ 84 ಸೆಂಟಿಮೀಟರ್ ಅಗಲ, 4.57 ಮೀಟರ್ ಉದ್ದದ ಎರಡು ಪಟ್ಟಿಗಳು. ಅದರ ಚಿತ್ರ ಬರೆಯದೆ ಯಾರೂ ಸಿವಿಲ್ ಪಾಸಾಗಿಲ್ಲ. ಹೆದ್ದಾರಿ ಸೇತುವೆ ಮೇಲೆ ನೀವು ಬೈಕಿನಲ್ಲಿ ಹೋಗುವಾಗ (ಬೈಕ್ ಬಿಡೋ ಕಾಲ ಬಂದ್ರೆ) ನಿಮ್ಮ ಕೆಳಗಿರೋ ಕಾಂಕ್ರೀಟು ಟಿ-55ಕ್ಕಿಂತ ಎರಡರಷ್ಟು ಭಾರದ ಒಂದು ಟ್ಯಾಂಕನ್ನು ಕಾಯ್ತಾ ಇರುತ್ತೆ. ಆದರೆ ಅರ್ಕಾವತಿ, ಕಣ್ವ ದಾಟೋ ಊರೊಳಗಿನ ಹಳೇ ಸೇತುವೆ, ಮೋರಿಗಳಿಗೆ ಆ ಮಾತು ಹೇಳೋಕಾಗಲ್ಲ. ಭಾರವನ್ನು ಗಟ್ಟಿ ಸೇತುವೆಯಿಂದ ಇಳಿಸಿ ಹಳೇ ಮೋರಿಯ ಮೇಲೆ ಕಳಿಸೋ ಈ ಲೆಕ್ಕಾಚಾರಕ್ಕೆ ಏನನ್ನಬೇಕೋ ನನಗಂತೂ ತಿಳಿಯಲ್ಲ.

ಭಾರದ ಯುದ್ಧಸಾಮಗ್ರಿ ಸಾಗಿಸೋಕೆ ಹೋಗಿ ಇದೇ ನಾಲ್ಕು ತಾಲ್ಲೂಕಲ್ಲಿ ಪೆಟ್ಟು ತಿಂದವರು ಹಿಂದೆಯೂ ಇದ್ದಾರೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಮೇವು, ದವಸ ಸಿಗದ ಹಾಗೆ ಮಾಡಿದ್ದ. ಅದಕ್ಕೆ ಕನಕಪುರದ ಕಡೆಯಿಂದ ಸುತ್ತಿ ಹೋದ. ದಾರಿ ಕೆಟ್ಟದ್ದು, ಮಳೆ ಬೇರೆ, ತೋಪು ಎಳೆಯೋ ಎತ್ತುಗಳು ಮೇವಿಲ್ಲದೆ ಸಾಲುಸಾಲಾಗಿ ಸತ್ತವು. ಅರಕೆರೆಯ ಕಾಳಗ ಗೆದ್ದೂ ಮುತ್ತಿಗೆ ಹಾಕಲಾಗದೆ, ಕನ್ನಂಬಾಡಿ ಹತ್ತಿರ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಆ ಡಿಸೆಂಬರಿನಲ್ಲಿ ಮಾಗಡಿಯ ಸಾವನದುರ್ಗ, ರಾಮಗಿರಿ ಮುಂತಾದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದು, ದಾರಿ ಭದ್ರ ಮಾಡಿಕೊಂಡ ಮೇಲೇ ಮುಂದಿನ ವರ್ಷ ಶ್ರೀರಂಗಪಟ್ಟಣದ ಮುಂದೆ ನಿಂತದ್ದು. ಮೈಸೂರು ಸೇನೆಗೆ ಆ ತಾಪತ್ರಯ ಕಡಿಮೆ ಇತ್ತು, ಯಾಕಂದ್ರೆ ಅವರ ಹತ್ತಿರ ಅಮೃತಮಹಲ್ ಎತ್ತುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಅದರ ಮೂಲದಲ್ಲಿರೋದು ಮಾಗಡಿ, ಕನಕಪುರದ ರೈತರು ಇವತ್ತಿಗೂ ಸಾಕೋ ಹಳ್ಳಿಕಾರ್ ತಳಿ. ಎಳೆಯೋ ಶಕ್ತಿಯನ್ನು ಸಾಕಿ, ತಳಿ ಉಳಿಸಿ, ಅದಕ್ಕೊಂದು ಇಲಾಖೆ ಮಾಡಿದ ರಾಜ್ಯ ಅದು.

ಈಗಲೂ ಮನಸ್ಸು ಮಾಡಿದ್ರೆ ಆಗುತ್ತೆ. 2017ರಲ್ಲಿ ಬೆಂಗಳೂರು–ಮೈಸೂರು ರೈಲು ಜೋಡಿಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂತು. ಸುಮಾರು 1000 ಟನ್ನಿನ ಆ ಕಟ್ಟಡವನ್ನು ಒಡೆಯದೆ, ಅಮೆರಿಕದ ವುಲ್ಫ್ ಮತ್ತು ದೆಹಲಿಯ ಪಿಎಸ್‌ಎಲ್ ಸಂಸ್ಥೆಗಳು ಹೈಡ್ರಾಲಿಕ್ ಜಾಕಿಗಳಿಂದ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದವು. 2018ರ ಕೊನೆಯಲ್ಲಿ ತಮಿಳುನಾಡಿನ ಕೊರಕೋಟ್ಟೈನಿಂದ ಬೆಂಗಳೂರಿನ ಈಜಿಪುರಕ್ಕೆ ಹೊರಟ ಬೃಹತ್ ವಿಷ್ಣು ವಿಗ್ರಹ 240 ಚಕ್ರದ ಟ್ರೈಲರ್ ಮೇಲೆ ತಿಂಗಳುಗಟ್ಟಲೆ ಸಾಗಿ ಬಂತು. ದಾರಿಯಲ್ಲಿ ಅಡ್ಡವಿದ್ದ ಮನೆ, ಅಂಗಡಿಗಳ ಭಾಗಗಳನ್ನು ಒಡೆದು ಜಾಗ ಮಾಡಿಕೊಡಲಾಯಿತು. ಪರಂಪರೆ, ದೇವರು, ಸೇನೆ, ಮೆಟ್ರೋ ಅಂದ್ರೆ ನಿಯಮ ಬಾಗುತ್ತೆ, ದಾರಿ ಆಗುತ್ತೆ. ಬಾಗಬಾರದು ಅಂತ ನಾನು ಹೇಳ್ತಿಲ್ಲ. ಕೆರೆ ಹೂಳೆತ್ತೋಕೆ ಹೋಗೋ ಹಿಟಾಚಿಗೂ, ಅದನ್ನು ಹೊರೋ ಟ್ರೈಲರ್ ಕಟ್ಟೋನಿಗೂ ಯಾಕೆ ಒಂದು ನೇರ ದಾರಿ ಇಲ್ಲ ಅಂತ ಕೇಳ್ತಿದ್ದೀನಿ.

ರೈಲಿನಲ್ಲಿ ತರಬಹುದಲ್ಲ ಅಂತ ಕೇಳಬಹುದು. ಸೇನೆ ದೂರದ ಸಾಗಾಟಕ್ಕೆ ಟ್ಯಾಂಕುಗಳನ್ನು ರೈಲಿಗೇ ಹತ್ತಿಸೋದು, ರಾಮನಗರ, ಚನ್ನಪಟ್ಟಣ ಎರಡೂ ಜೋಡಿಹಳಿಯ ಮೇಲೇ ಇವೆ. ಆದರೂ ಸ್ಟೇಷನ್ನಿನಿಂದ ಸರ್ಕಲ್‌ವರೆಗೆ? ಕೊನೇ ಎರಡು ಕಿಲೋಮೀಟರಿಗೆ ಮತ್ತೆ ಅದೇ ಟ್ರೈಲರ್.

ಒತ್ತಾಯ ಮಾಡಬೇಕಾದ ಜಾಗ ಇದು, ಅದೂ ಈಗಲೇ. ದಾಬಸ್‌ಪೇಟೆಯಿಂದ ಮಾಗಡಿ, ರಾಮನಗರ, ಕನಕಪುರ ಸುತ್ತಿ ಆನೇಕಲ್ ಕಡೆ ಹೋಗೋ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ನಮ್ಮ ತಾಲ್ಲೂಕುಗಳ ನಡುವೆಯೇ ಬರುತ್ತೆ. ಬೆಂಗಳೂರಿನ ಒಳಗೆ ಬರಬಾರದ ಭಾರಿ ವಾಹನಗಳಿಗಾಗಿಯೇ ಅದನ್ನು ಯೋಚಿಸಿದ್ದು. ನಿಧಾನದ ಭಾರಿ ಟ್ರೈಲರ್‌ಗೆ ರಾತ್ರಿ ಇಂತಿಷ್ಟು ಗಂಟೆ, ಬೆಂಗಾವಲು ವಾಹನದ ಜೊತೆ, ಮುಖ್ಯ ರಸ್ತೆಯಲ್ಲೇ ಹೋಗೋಕೆ ಬಿಡಿ ಅಂತ ಈಗಲೇ ಕೇಳದಿದ್ರೆ ಅಲ್ಲೂ ಎಕ್ಸ್‌ಪ್ರೆಸ್ ವೇ ಪಟ್ಟಿಯೇ ಬೋರ್ಡಾಗಿ ನಿಲ್ಲುತ್ತೆ. 2.8 ಮೀಟರಿನ ಹಿಟಾಚಿಗೆ ಪ್ರತಿ ಸಲದ ಅನುಮತಿ ಬದಲು ವರ್ಷಕ್ಕೊಂದು ಪರವಾನಗಿ ಕೊಡಿ, ಷರತ್ತಾಗಿ ಸರಪಳಿ, ದೀಪ, ಬ್ರೇಕ್ ಕಡ್ಡಾಯ ಮಾಡಿ. ಇದನ್ನು ಟೀಕಿಸೋರು ಇರ್ತಾರೆ: ಮನೆಮಂದಿ ಕಟ್ಟಿದ ಟ್ರೈಲರ್‌ಗೆಲ್ಲ ಅನುಮತಿ ಕೊಟ್ರೆ ಸಾವು ಹೆಚ್ಚಾಗಲ್ವಾ ಅಂತ. ಅವರ ಭಯ ನಿಜವಾದದ್ದೇ. ಆದರೆ ಆ ಟ್ರೈಲರ್‌ಗಳು ಈಗಾಗಲೇ ರಸ್ತೆ ಮೇಲಿವೆ, ಪರೀಕ್ಷೆ ಇಲ್ಲದೆ.

ಪರೀಕ್ಷೆಗೆ ಪುಣೆಗೇ ಹೋಗಬೇಕಿಲ್ಲ. ನಿಯಮದಲ್ಲಿ ಒಂದೊಂದು ಟ್ರೈಲರನ್ನೂ ಬಿಡಿಯಾಗಿ ಪರೀಕ್ಷಿಸೋ ಅವಕಾಶ ಸೇರಿಸಿ, ಅಧಿಕಾರವನ್ನು ಜಿಲ್ಲೆಗೆ ಕೊಟ್ಟರೆ ಸಾಕು. ರಾಮನಗರದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಬೆಸುಗೆ ನೋಡೋಕೆ ಅಲ್ಟ್ರಾಸೌಂಡ್ ಉಪಕರಣ ಅಂಥ ದುಬಾರಿ ಏನಲ್ಲ. ಹೊರೆ ಪರೀಕ್ಷೆಗೆ ಬೇಕಾದ ತೂಕಕ್ಕಂತೂ ಈ ಜಿಲ್ಲೆಯಲ್ಲಿ ಬರ ಇಲ್ಲ: ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಕಾಲು ಮೀಟರ್ ಎತ್ತರದ ಕನಕಪುರದ ಗ್ರಾನೈಟ್ ದಿಮ್ಮಿ ಒಂದು ಹೆಚ್ಚುಕಮ್ಮಿ 36 ಟನ್ ತೂಗುತ್ತೆ. ಟ್ರೈಲರ್ ಮೇಲೆ ಅದನ್ನಿಟ್ಟು, ತೊಲೆ ಎಷ್ಟು ಮಿಲಿಮೀಟರ್ ಬಗ್ಗಿತು, ಇಳಿಸಿದ ಮೇಲೆ ಪೂರ್ತಿ ವಾಪಸ್ ಬಂತಾ ಅಂತ ಅಳೆದು ಬರೆದುಕೊಳ್ಳೋದು ಡಿಪ್ಲೊಮಾ ಹುಡುಗರು ಒಂದು ಮಧ್ಯಾಹ್ನದಲ್ಲಿ ಮುಗಿಸೋ ಕೆಲಸ.